ಎಂಜಿನ್ನಿನ ಬಾಯಿಗೆ ಬಿದ್ದದ್ದು

ನಮ್ಮ ಅತ್ತೆ ಶರಣಮ್ಮನವರು ನನ್ನ ಕೈಯಿಂದ ನೀರು ಕುಡಿಯುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಆ ಆಯುಧಪೂಜೆಯ ದಿನ ನಮ್ಮ ಮನೆ ಮುಂದೆ ನಡೆದದ್ದು ಅರ್ಧ ಮಾತ್ರ ಅರ್ಥವಾಗುತ್ತದೆ.

ಕಾರಣ ಇಷ್ಟೇ, ನನ್ನ ಕೊರಳಲ್ಲಿ ಲಿಂಗವಿರಲಿಲ್ಲ. ನನ್ನ ತವರಿನವರೂ ಲಿಂಗಾಯತರೇ, ಚಿಕ್ಕಂದಿನಲ್ಲಿ ನನಗೂ ಕಟ್ಟಿಸಿದ್ದರು. ಆದರೆ ನಾನು ಪೀಣ್ಯದ ಫ್ಯಾಕ್ಟರಿಯಲ್ಲಿ ಮೆಷಿನ್ ಪಕ್ಕ ನಿಂತು ಕೆಲಸ ಮಾಡುವವಳು. ಕೊರಳಲ್ಲಿ ಏನೂ ನೇತಾಡಬಾರದು ಎಂದು ಸೂಪರ್‌ವೈಸರ್ ಹೇಳಿದ ದಿನ ತೆಗೆದು ಬೀರುವಿನಲ್ಲಿಟ್ಟೆ. ಆಮೇಲೆ ಅದು ಅಲ್ಲೇ ಉಳಿಯಿತು. ಅತ್ತೆ ಕೊಟ್ಟೂರಿನಿಂದ ನಮ್ಮ ಜೊತೆ ಇರಲು ಬಂದ ವಾರವೇ ಇದನ್ನು ಗಮನಿಸಿದರು. ಬಯ್ಯಲಿಲ್ಲ. ಮಾರನೆಯ ದಿನದಿಂದ ತಮ್ಮ ನೀರನ್ನು ತಾವೇ ಒಂದು ಹಿತ್ತಾಳೆ ತಂಬಿಗೆಯಲ್ಲಿ ತುಂಬಿ ಮುಚ್ಚಿಡತೊಡಗಿದರು, ತಮ್ಮ ರೊಟ್ಟಿಯನ್ನು ತಾವೇ ಬಡಿದುಕೊಂಡರು. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಆ ಮುಚ್ಚಿದ ತಂಬಿಗೆಯನ್ನು ದಿನಾ ನೋಡಿ ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ತಮಾಷೆಗೆ ಮಾತ್ರ ಕೊರತೆಯಿರಲಿಲ್ಲ. ನನ್ನ ಸಪೂರ ಬೆರಳು ನೋಡಿ, "ಈ ಕಡ್ಡಿ ಬಳ್ಳಿನಾಗ ರೊಟ್ಟಿ ಹೆಂಗ ಬಡಿತೀಯವ್ವ" ಎಂದು ನಗುತ್ತಿದ್ದರು.

ತೊಂಬತ್ತಾರನೇ ಇಸವಿ ಇರಬೇಕು. ನಾವಾಗ ಲಗ್ಗೆರೆಯಲ್ಲಿ ಮುನಿಯಣ್ಣನ ಬಾಡಿಗೆ ಮನೆಯಲ್ಲಿದ್ದೆವು. ಮನೆ ಮುಂದಿನ ಜಾಗದಲ್ಲಿ ತಗಡು ಹೊದಿಸಿದ ಅವನದೇ ಗ್ಯಾರೇಜು. ಮನೆ ಮಾಲೀಕ, ಮೆಕ್ಯಾನಿಕ್, ಬೀದಿ ಜಗಳ ತೀರಿಸುವವ, ಎಲ್ಲ ಅವನೇ, ಮತ್ತು ಎಲ್ಲದರಲ್ಲೂ ಅವನ ಮಾತೇ ನಡೆಯಬೇಕು. ಆಯುಧಪೂಜೆಯ ದಿನ ಮಂಗಳಾರತಿ ಆದಮೇಲೆ ಗ್ಯಾರೇಜಿನ ಸ್ಪ್ಯಾನರು, ಸುತ್ತಿಗೆ, ಕಟಿಂಗ್ ಪ್ಲೇಯರು ಎಲ್ಲವನ್ನೂ ಕೆಂಪು ಬಟ್ಟೆಯ ಮೇಲೆ ಮಲಗಿಸುತ್ತಿದ್ದ. ಮರುದಿನ ಬೆಳಗ್ಗೆ ಮತ್ತೆ ಪೂಜೆ ಮಾಡಿ ಎಬ್ಬಿಸುವವರೆಗೆ ಯಾರೂ ಮುಟ್ಟುವಂತಿಲ್ಲ. ಒಂದು ವರ್ಷ ಈ ನೇಮ ಮುರಿದು ಫ್ಯಾನ್ ಬೆಲ್ಟಿಗೆ ಬೆರಳ ತುದಿ ಕೊಟ್ಟಿದ್ದನಂತೆ. ಆ ಮೊಂಡು ಬೆರಳನ್ನೇ ಎಲ್ಲರಿಗೂ ಸಾಕ್ಷಿಯಾಗಿ ತೋರಿಸುತ್ತಿದ್ದ.

ಅವನದು ಇನ್ನೊಂದು ಪದ್ಧತಿಯಿತ್ತು, ಅದನ್ನು ನಾನು ಬೇರೆಲ್ಲೂ ಕಂಡಿಲ್ಲ. ಗಾಡಿಗೆ ಪೂಜೆ ಮಾಡುವಾಗ ಬಾನೆಟ್ ಎತ್ತಿ, ಎಂಜಿನ್ನಿಗೆ ಆಯಿಲ್ ಹಾಕುವ ಜಾಗದ ಮುಚ್ಚಳ ಬಿಚ್ಚಿ, ಅದರೊಳಗೆ ಸಾಂಬ್ರಾಣಿ ಹೊಗೆ ಹಿಡಿಯುತ್ತಿದ್ದ. "ಎಂಜಿನ್ನಿಗೂ ಬಾಯಿ ಐತೆ ಸಾ. ವರ್ಷವೆಲ್ಲಾ ಎಣ್ಣೆ ಕುಡೀತದೆ, ಒಂದಿನ ಧೂಪ ಕುಡೀಲಿ" ಎನ್ನುತ್ತಿದ್ದ.

ನನ್ನ ಗಂಡ ಈರೇಶ್ ಹಳೇ ಫಿಯಟ್ ಕಾರೊಂದನ್ನು ಕೊಂಡು ಆಗಿನ್ನೂ ಕೆಲವೇ ತಿಂಗಳಾಗಿತ್ತು. ಅದರಲ್ಲೇ ಹೋಗಿ ಹೂವು, ಕುಂಬಳಕಾಯಿ ತಂದು ನಿಲ್ಲಿಸಿದ್ದರು, ಎಂಜಿನ್ ಇನ್ನೂ ಕಾದಿತ್ತು. ಕುಂಬಳಕಾಯಿ ಒಡೆದಾಯಿತು. ಮುನಿಯಣ್ಣ ಎಂಜಿನ್ನಿನ ಬಾಯಿ ತೆರೆದು ಧೂಪ ಹಿಡಿದು ಪಕ್ಕಕ್ಕೆ ಸರಿದ. ಅತ್ತೆ ವಿಭೂತಿ ಗಟ್ಟಿ ಹಿಡಿದು ಮುಂದೆ ಬಂದರು. ಎಂಜಿನ್ ಮೇಲೆ ವಿಭೂತಿ ಎಳೆಯಲು ಬಗ್ಗಿದರು.

ಅವರ ಲಿಂಗ ಇದ್ದದ್ದು ಬೆಳ್ಳಿಯ ಪುಟ್ಟ ಕರಡಿಗೆಯೊಳಗೆ, ಶಿವದಾರದಲ್ಲಿ ಕೊರಳಿಗೆ ಕಟ್ಟಿದ್ದು. ಹುಟ್ಟಿದಾಗ ಮಠದ ಅಯ್ಯನವರು ಕಟ್ಟಿದ, ಅಡಿಕೆ ಗಾತ್ರದ ಪುಟಾಣಿ ಲಿಂಗ. ದೊಡ್ಡವರಾದಮೇಲೆ ದೊಡ್ಡದು ಕಟ್ಟುತ್ತೇವೆಂದರೂ ಅವರು ಒಪ್ಪಿರಲಿಲ್ಲ. ಕರಡಿಗೆಯ ಮುಚ್ಚಳ ಸಡಿಲಾಗಿದೆ, ಅವೆನ್ಯೂ ರೋಡಿನ ಅಕ್ಕಸಾಲಿಗನ ಹತ್ತಿರ ಒಯ್ದು ಸರಿಮಾಡಿಸು ಎಂದು ಮಗನಿಗೆ ಹೇಳಿ ಹೇಳಿ ಸಾಕಾಗಿತ್ತು. ಬಗ್ಗಿದಾಗ ಕರಡಿಗೆ ಸೆರಗಿನಿಂದ ಜಾರಿ ಕಬ್ಬಿಣಕ್ಕೆ ತಗುಲಿತು, ಮುಚ್ಚಳ ಬಿಚ್ಚಿಕೊಂಡಿತು. ಕರಿಯದೊಂದು ಏನೋ ಉರುಳಿ, ತೆರೆದ ಬಾಯಿಯ ಅಂಚಿಗೆ ಒಮ್ಮೆ ತಡೆದು, ಒಳಗೆ ಹೋಯಿತು.

ಅತ್ತೆ ಬಗ್ಗಿದವರು ಬಗ್ಗಿದಂತೆಯೇ ಇದ್ದರು. ಖಾಲಿ ಕರಡಿಗೆ ತೂಗಾಡುತ್ತಿತ್ತು.

"ನನ್ನ ಲಿಂಗ" ಎಂದರು, ಅಷ್ಟೇ.

ಈರೇಶ್ ಅವರನ್ನು ಹಿಡಿದು ತಂದು ಜಗಲಿಯ ಮೇಲೆ ಕೂರಿಸಿದರು. ನಾನು ಟಾರ್ಚು ತಂದೆ. ನನ್ನ ಬ್ಯಾಗಿನ ಪುಟ್ಟ ಕನ್ನಡಿಯನ್ನು ಓರೆಯಾಗಿ ಹಿಡಿದು ಬೆಳಕು ಬಿಟ್ಟಾಗ ಒಳಗೆ ಕಂಡಿತು. ಸಾಲಾಗಿ ದಪ್ಪ ಸ್ಪ್ರಿಂಗುಗಳು, ಅವುಗಳ ಬುಡದಲ್ಲಿ ಬಿಸಿ ಎಣ್ಣೆಯ ಹೊಳಪು, ಒಂದು ಸ್ಪ್ರಿಂಗಿಗೆ ಒರಗಿ ಕೂತ ಕರೀ ಗುಂಡು. ಅದರ ಪಕ್ಕದಲ್ಲೇ ಒಂದು ತೂತು. ಎಣ್ಣೆ ಮೇಲಿಂದ ಕೆಳಗೆ ಇಳಿಯುವ ದಾರಿ ಅದು.

"ಆ ತೂತಿಗೆ ಬಿತ್ತು ಅಂದ್ರೆ ಸೀದಾ ತಳಕ್ಕೆ" ಎಂದ ಮುನಿಯಣ್ಣ. "ಆಮೇಲೆ ಎಂಜಿನ್ ಇಳಿಸ್ದೆ ಸಿಕ್ಕಾಕಿಲ್ಲ. ಗಾಡಿ ಅಲ್ಲಾಡಿಸ್ಬ್ಯಾಡಿ. ಕೀ ಅಂತೂ ಮುಟ್ಲೇಬ್ಯಾಡಿ. ನಾಳೆ ಬೆಳಗ್ಗೆ ಸಾಮಾನು ಎಬ್ಬಿಸ್ಕೊಂಡು ನಾನೇ ತೆಗೆದುಕೊಡ್ತೀನಿ."

"ನಾಳೆ ತನಕ ಆಗಲ್ಲ ಮುನಿಯಣ್ಣ" ಎಂದರು ಈರೇಶ್. ಅವರ ದನಿ ಆಗಲೇ ಬದಲಾಗಿತ್ತು.

ಆಗದಿರುವುದಕ್ಕೆ ಕಾರಣ ನಮ್ಮಿಬ್ಬರಿಗೂ ಗೊತ್ತಿತ್ತು. ಲಿಂಗ ಮೈಮೇಲಿಲ್ಲದೆ ಅತ್ತೆ ಹನಿ ನೀರನ್ನೂ ಬಾಯಿಗೆ ಹಾಕುವವರಲ್ಲ. ಅವರಿಗೆ ಸಕ್ಕರೆ ಕಾಯಿಲೆ. ಪೂಜೆ ಮುಗಿದ ಕೂಡಲೇ ಹೋಳಿಗೆ ಊಟ ಎಂದು ಮಾತ್ರೆ ನುಂಗಿ ಕೂತಿದ್ದರು, ಬೆಳಗಿನಿಂದ ಏನೂ ತಿಂದಿರಲಿಲ್ಲ. ಮಾತ್ರೆ ಹೊಟ್ಟೆಯಲ್ಲಿ ತನ್ನ ಕೆಲಸ ಮಾಡುತ್ತಲೇ ಇತ್ತು. ಅದರ ಮೇಲೆ ಇನ್ನೊಂದು. ಕೊಟ್ಟೂರಿನಲ್ಲಿ ಅವರ ದೊಡ್ಡವ್ವ ಕೆರೆಯಲ್ಲಿ ಲಿಂಗ ಕಳೆದುಕೊಂಡು, ಅನ್ನ ನೀರು ಬಿಟ್ಟು ಪ್ರಾಣ ಬಿಟ್ಟರಂತೆ. ಆ ಕಥೆಯನ್ನು ಅತ್ತೆ ನಮಗೆ ಎಷ್ಟೋ ಸಲ ಹೇಳಿದ್ದರು, ಹೇಳುವಾಗ ಅವರ ಮುಖದಲ್ಲಿ ದುಃಖಕ್ಕಿಂತ ಹೆಮ್ಮೆಯೇ ಹೆಚ್ಚಿರುತ್ತಿತ್ತು.

"ಅವ್ವಾ, ಒಂದು ಚೂರು ಸಕ್ಕರೆ ಬಾಯಾಗ ಹಾಕ್ಕೊ. ಆಮ್ಯಾಲ ತೆಗೆಯೋಣ" ಎಂದರು ಈರೇಶ್.

"ಬ್ಯಾಡ."

"ಸಿಗದಿದ್ರೆ ಏನ್ಮಾಡ್ತಿ?"

"ಸಿಗದಿದ್ರ ಅದರ ಕೂಡ ನಾನೂ ಹೋಗೋದು. ಅದಕ್ಯಾಕ ಗದ್ದಲ."

ಸಂತೆಗೆ ಹೋಗಿ ಬರುತ್ತೇನೆ ಎನ್ನುವವರ ಹಾಗೆ ಹೇಳಿದರು. ಈ ಮುದುಕಿಯ ಮೇಲೆ ನನಗೆ ಸಿಟ್ಟಿತ್ತು ನಿಜ. ಆದರೆ ಅವರು ಹೀಗೆ ನಮ್ಮ ಕಣ್ಣೆದುರು ಜಗಲಿ ಮೇಲೆ ಕೂತೇ ಹೋಗಿಬಿಡಬಹುದು ಎಂಬುದನ್ನು ತಡೆದುಕೊಳ್ಳುವಷ್ಟು ಸಿಟ್ಟಲ್ಲ.

ಎಂಜಿನ್ನಿನ ತಲೆಯ ಮೇಲಿನ ತಗಡಿನ ಮುಚ್ಚಳ ಬಿಚ್ಚಿದರೆ ಲಿಂಗ ಕೈಗೆ ಸಿಗುತ್ತಿತ್ತು. ಅದಕ್ಕೆ ಬೇಕಾದದ್ದು ಒಂದು ಸ್ಪ್ಯಾನರು. ಸ್ಪ್ಯಾನರುಗಳು ಹತ್ತು ಹೆಜ್ಜೆ ಆಚೆ ಕೆಂಪು ಬಟ್ಟೆಯ ಮೇಲೆ ಹೂವು ಮುಡಿದು ಮಲಗಿದ್ದವು. ಈರೇಶ್ ಆ ಕಡೆ ನೋಡಿದರು. ಮುನಿಯಣ್ಣ ಹೋಗಿ ಗ್ಯಾರೇಜಿನ ಬಾಗಿಲಿಗೆ ಅಡ್ಡ ನಿಂತ.

"ನನ್ನ ಕೇಳ್ಬ್ಯಾಡಿ ಸಾ. ನಮ್ಮಪ್ಪನ ಕಾಲದಿಂದ ನಡ್ಕೊಂಡು ಬಂದಿರೋದು. ಇದು ನೋಡಿ" ಎಂದು ಮೊಂಡು ಬೆರಳನ್ನು ಎತ್ತಿದ.

"ಮನುಷ್ಯರ ಜೀವಕ್ಕಿಂತ ಹೆಚ್ಚೇನ್ರೀ ನಿಮ್ಮ ಸ್ಪ್ಯಾನರು?" ನಾನು ತಡೆಯಲಾರದೆ ಕೇಳಿದೆ.

ಅದಕ್ಕೆ ಉತ್ತರ ಬಂದದ್ದು ಜಗಲಿಯಿಂದ. "ಶೈಲಜಾ, ಅವರನ್ನ ಬಲವಂತ ಮಾಡಬ್ಯಾಡ. ನನ್ನ ನೇಮಕ್ಕ ಅವರ ನೇಮ ಯಾಕ ಮುರಿಬೇಕು? ನನ್ನ ಲಿಂಗ ಬಂತು, ಅವರ ಕೈ ಹೋತು ಅಂದ್ರ ನಾ ಆ ಲಿಂಗಕ್ಕ ಏನು ಹೇಳ್ಲಿ?"

ಮುನಿಯಣ್ಣ ತಲೆ ತಗ್ಗಿಸಿದ, ಆದರೆ ಬಾಗಿಲು ಬಿಡಲಿಲ್ಲ. ಇಬ್ಬರು ನೇಮಸ್ಥರ ನಡುವೆ ಸಿಕ್ಕಿಬಿದ್ದವರ ಪಾಡು ಯಾರಿಗೂ ಬೇಡ.

ಈರೇಶ್‌ಗೆ ಅಷ್ಟರಲ್ಲಿ ತಮ್ಮ ಸ್ಕೂಟರಿನ ಡಿಕ್ಕಿಯಲ್ಲಿದ್ದ ಸಣ್ಣ ಸ್ಪ್ಯಾನರು ನೆನಪಾಯಿತು. ಸ್ಕೂಟರಿಗೆ ಇನ್ನೂ ಪೂಜೆ ಆಗಿರಲಿಲ್ಲ. ಪೂಜೆಯಾಗದ್ದು ಮಲಗಿಯೂ ಇಲ್ಲ, ಎಬ್ಬಿಸುವುದೂ ಬೇಡ ಎಂದು ವಾದ ಹೂಡಿ, ಯಾರ ಒಪ್ಪಿಗೆಗೂ ಕಾಯದೆ ತಂದು ಮುಚ್ಚಳದ ಮೊದಲ ನಟ್ಟಿಗೆ ಹಾಕಿದರು. ಸರಿಯಾದ ಅಳತೆಯದಲ್ಲ, ಜಾರುತ್ತಿತ್ತು. ಅಂತೂ ನಟ್ಟು ತಿರುಗಿತು. ನಟ್ಟನ್ನು ಎತ್ತುವಾಗ ಅದರಡಿಯ ವಾಷರು ಎಣ್ಣೆಗೆ ಅಂಟಿಕೊಂಡು ಜೊತೆಗೇ ಬಂತು, ನಡುವೆ ಕಳಚಿತು, ಮುಚ್ಚಳದ ಮೇಲೆ ಚಕ್ರದಂತೆ ಓಡಿ ತೆರೆದಿದ್ದ ಬಾಯೊಳಗೆ ಬಿತ್ತು.

ಒಳಗೆ ಟಿಣ್ ಎಂದಿತು. ಮತ್ತೊಮ್ಮೆ, ಕೆಳಗೆ ಎಲ್ಲೋ, ಟಿಣ್ ಎಂದಿತು. ಆಮೇಲೆ ಶಬ್ದವಿಲ್ಲ.

ನಾನು ಕನ್ನಡಿ ಹಿಡಿದೆ. ವಾಷರು ಕಾಣಲಿಲ್ಲ, ತೂತಿನಲ್ಲಿ ಇಳಿದು ಹೋಗಿತ್ತು. ಲಿಂಗ ಇನ್ನೂ ಅಲ್ಲೇ ಇತ್ತು. ಆದರೆ ಅದರ ದುಂಡು ಅಂಚು ಮೊದಲಿನ ಹಾಗೆ ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ಲಿಂಗದ ಮೇಲಿನ ಕರೀ ಲೇಪ, ಅದನ್ನು ಕಂತೆ ಎನ್ನುತ್ತಾರೆ, ಬಿಸಿ ಎಣ್ಣೆಯಲ್ಲಿ ಮೆತ್ತಗಾಗುತ್ತಿತ್ತು.

"ಸಾಕು ಸಾ, ನಿಲ್ಸಿ" ಎಂದ ಮುನಿಯಣ್ಣ, ಈ ಸಲ ಹತ್ತಿರ ಬಂದು. "ಇನ್ನೊಂದು ನಟ್ ಬಿಚ್ಚಿದ್ರೂ ಮುಚ್ಳ ಬರಾಕಿಲ್ಲ. ಪ್ಯಾಕಿಂಗು ಅಂಟ್ಕೊಂಡೈತೆ, ಏಟು ಆಕ್ಬೇಕು. ಏಟು ಆಕಿದ್ರೆ ಅಮ್ಮಾವ್ರ ಲಿಂಗ ತೂತಿಗೆ ಉರುಳ್ತದೆ."

ಅವನ ಮೊಂಡುತನದ ಮೇಲೆ ಎಷ್ಟೇ ಕೋಪವಿದ್ದರೂ ಇದು ನಿಜವೆಂದು ಗೊತ್ತಾಗುವಂತಿತ್ತು. ಈರೇಶ್ ಸ್ಪ್ಯಾನರನ್ನು ನೆಲಕ್ಕೆ ಹಾಕಿ, ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನಿಂತರು.

ಇನ್ನುಳಿದದ್ದು ಆ ಬಾಯಿಯ ಮೂಲಕವೇ ತೆಗೆಯುವುದು. ಲಿಂಗ ಕಲ್ಲು, ಅಯಸ್ಕಾಂತಕ್ಕೆ ಬರುವುದಿಲ್ಲ. ಅಡುಗೆಮನೆಯಲ್ಲಿ ಹೋಳಿಗೆಗೆ ನಾದಿಟ್ಟ ಕನಕವಿತ್ತು. ಓಡಿಹೋಗಿ ಒಂದು ಉಂಡೆ ತಂದೆ, ಕಾರಿಗೆ ಕಟ್ಟಿದ್ದ ತೆಂಗಿನ ಗರಿಯಿಂದ ಕಡ್ಡಿ ಸೀಳಿ ತುದಿಗೆ ಅಂಟಿಸಿದೆ. ಈರೇಶ್ ಟಾರ್ಚು ಹಿಡಿದರು. ಕಡ್ಡಿಯನ್ನು ನಿಧಾನವಾಗಿ ಇಳಿಸಿ ಲಿಂಗದ ಮೇಲೆ ಒತ್ತಿದೆ. ಎತ್ತಿದಾಗ ಬಂದದ್ದು ಎಣ್ಣೆ ಕುಡಿದ ಕನಕ ಮಾತ್ರ. ಇನ್ನೊಮ್ಮೆ ಒತ್ತಿದೆ. ಲಿಂಗ ಜಾರಿ, ಹೊರಳಿ, ತೂತಿನ ಅಂಚಿಗೆ ಹೋಗಿ ನಿಂತಿತು. ಅರ್ಧ ಒಳಗೆ, ಅರ್ಧ ಹೊರಗೆ.

"ಕಡ್ಡಿ ತೆಗಿ" ಎಂದರು ಈರೇಶ್, ಪಿಸುಮಾತಿನಲ್ಲಿ.

ತೆಗೆದೆ.

ಈರೇಶ್ ಬೆರಳು ಹಾಕಿ ನೋಡಿದರು. ಅವರ ಬೆರಳು ದಪ್ಪ, ಎರಡು ಒಟ್ಟಿಗೆ ಗೆಣ್ಣಿನಿಂದಾಚೆ ಇಳಿಯಲಿಲ್ಲ. ಮುನಿಯಣ್ಣನ ಬೆರಳ ಕಥೆ ಹೇಳುವುದೇ ಬೇಡ. ಅತ್ತೆಯ ಬೆರಳುಗಳು ಸಂಧಿವಾತದಿಂದ ಸೊಟ್ಟಗಾಗಿದ್ದವು. ಅವರನ್ನು ನೋಡಿದೆ. ಮೇಲ್ದುಟಿಯ ಮೇಲೆ ಬೆವರು ನಿಂತಿತ್ತು, ಕೈ ತೊಡೆಯ ಮೇಲೆ ತಾನಾಗಿಯೇ ಅದುರುತ್ತಿತ್ತು. ಏನೋ ಅಂದರು, ನಾಲಿಗೆ ತೊದಲಿತು. ಸಕ್ಕರೆ ಇಳಿಯುತ್ತಿತ್ತು.

ಇನ್ನುಳಿದದ್ದು ನನ್ನ ಕೈ. ಅತ್ತೆ ನಕ್ಕು ನಕ್ಕು ಆಡಿಕೊಂಡ ಅದೇ ಕಡ್ಡಿ ಬೆರಳು. ಆದರೆ ಒಬ್ಬರ ಇಷ್ಟಲಿಂಗವನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಅದರಲ್ಲೂ ಲಿಂಗವಿಲ್ಲದ ಕೊರಳಿನವಳು, ನೀರು ಕೊಡಲೂ ಆಗದ ಕೈಯವಳು. ನಾನು ಜಗಲಿಯ ಬಳಿ ಹೋಗಿ ಅವರ ಮುಂದೆ ಕೂತೆ.

"ಅತ್ತೆ, ನನ್ನ ಬೆರಳು ಅದರೊಳಗೆ ಹೋಗುತ್ತೆ. ಬೇರೆ ಯಾರದ್ದೂ ಹೋಗಲ್ಲ."

ಅವರು ನನ್ನ ಮುಖ ನೋಡಿ, ಮತ್ತೆ ಕಾರಿನ ಕಡೆ ತಿರುಗಿದರು. ನನಗೆ ರೇಗಿತು. ಇಷ್ಟು ವರ್ಷ ನುಂಗಿದ್ದೆಲ್ಲ ಒಮ್ಮೆಗೇ ಬಾಯಿಗೆ ಬಂತು.

"ಬೇಡ ಅಂದ್ರೆ ಬೇಡ ಅನ್ನಿ, ಬಾಯಿಬಿಟ್ಟು ಹೇಳಿ. ನಿಮ್ಮನ್ನ ಕೇಳದೆ ಮುಟ್ಟೋಳಲ್ಲ ನಾನು. ಆದ್ರೆ ಸುಮ್ನೆ ಕೂತು ನನ್ನ ಕಣ್ಣೆದುರಿಗೆ ಸಾಯೋದು ಮಾತ್ರ ನಡೆಯಲ್ಲ. ನನಗೂ ಒಂದು ಮಾತು ಹೇಳೋ ಹಕ್ಕಿದೆ ಈ ಮನೇಲಿ."

"ಶೈಲಜಾ" ಎಂದರು ಈರೇಶ್ ಹಿಂದಿನಿಂದ, ಎಚ್ಚರಿಸುವಂತೆ.

ಅತ್ತೆ ಕೈಯಲ್ಲಿ ಇನ್ನೂ ಹಿಡಿದೇ ಇದ್ದ ವಿಭೂತಿ ಗಟ್ಟಿಯನ್ನು ನೋಡಿದರು. ಆಮೇಲೆ ಅದನ್ನು ನನ್ನ ಕಡೆ ಚಾಚಿದರು.

"ಬಳ್ಳಿಗೆ ಹಚ್ಚಿಕ್ಯಾ" ಎಂದರು. "ಬರೇ ಕೈಲೆ ಮುಟ್ಟಬ್ಯಾಡ. ಚಂದಾಗಿ ಹಚ್ಚಿಕೊಂಡು ಮುಟ್ಟವ್ವ."

ಬಳೆಗಳನ್ನು ತೆಗೆದಿಟ್ಟೆ. ವಿಭೂತಿಯನ್ನು ಉಜ್ಜಿ ಉಜ್ಜಿ ಬೆರಳುಗಳು ಬುಡದವರೆಗೆ ಬೆಳ್ಳಗಾಗುವಂತೆ ಹಚ್ಚಿದೆ. ಮುನಿಯಣ್ಣ ಬಾಯಿ ಹಾಕಿದ. "ಬೂದಿ ಒಳೀಕೆ ಬಿದ್ರೆ ಎಂಜಿನ್ ತಿಂದಾಕ್ಬಿಡ್ತದೆ ಕಣಮ್ಮ. ಸಾ, ನೀವಾದ್ರೂ ಹೇಳಿ."

ತಿಂಗಳುಗಟ್ಟಲೆ ಆ ಕಾರನ್ನು ಮಗುವಿನ ಹಾಗೆ ಒರೆಸಿದ್ದ ನನ್ನ ಗಂಡ ಟಾರ್ಚು ಸರಿಪಡಿಸಿಕೊಂಡು, "ತಿಂದ್ರೆ ತಿನ್ಲಿ" ಎಂದರು.

ಎರಡು ಬೆರಳು ಜೋಡಿಸಿ ಒಳಗೆ ಇಳಿಸಿದೆ. ಬಾಯಿಯ ಅಂಚು ಸುಡುತ್ತಿತ್ತು. ಗೆಣ್ಣು ತರಚಿತು, ಆದರೆ ಇಳಿಯಿತು. ಕೈ ಒಳಗೆ ಹೋದಮೇಲೆ ಬೆಳಕಿಗೆ ಜಾಗವಿಲ್ಲ, ಕನ್ನಡಿ ಕೆಲಸಕ್ಕೆ ಬರಲಿಲ್ಲ. ಕಣ್ಣು ಮುಚ್ಚಿಕೊಂಡೆ. ಮೊದಲು ಸಿಕ್ಕಿದ್ದು ಸ್ಪ್ರಿಂಗಿನ ಸುರುಳಿ, ಬಿಸಿ. ಅದರ ಬುಡ ಹಿಡಿದು ಪಕ್ಕಕ್ಕೆ ಹೋದೆ. ತುದಿಬೆರಳಿಗೆ ಏನೋ ಮೆತ್ತಗೆ, ದುಂಡಗೆ ತಾಗಿತು. ತಾಗಿದ್ದೇ ತಡ ಅಲುಗಾಡಿತು.

ಇನ್ನೊಂದು ಕೂದಲೆಳೆ ತಳ್ಳಿದರೆ ವಾಷರು ಹೋದ ದಾರಿಯಲ್ಲೇ ಅದೂ ಹೋಗುತ್ತಿತ್ತು. ಬೆರಳನ್ನು ಅಲ್ಲಿಂದ ಎತ್ತಿ, ತೂತಿನ ಆ ಕಡೆಗೆ ದಾಟಿಸಿ, ಕೆಳಗಿನಿಂದ ತಡೆ ಕೊಟ್ಟೆ. ಎರಡನೆಯ ಬೆರಳು ಈ ಕಡೆಯಿಂದ ಬಂತು. ಒತ್ತಿದೆ. ಕನಕದಲ್ಲಿ ಜಾರಿದ್ದು, ಈರೇಶರ ಬೆರಳಿದ್ದರೂ ಜಾರುತ್ತಿದ್ದದ್ದು, ಜಾರಲಿಲ್ಲ. ಬೆರಳ ಮೇಲಿನ ಬೂದಿ ಎಣ್ಣೆಯನ್ನು ಹೀರಿಕೊಂಡಿತ್ತು. ಮೆತ್ತಗಾದ ಕಂತೆಯೊಳಗೆ ನನ್ನ ಎರಡು ಬೆರಳೂ ಒಂದಿಷ್ಟು ಹೂತುಕೊಂಡವು, ಗಟ್ಟಿ ಹಿಡಿತ ಸಿಕ್ಕಿತು.

ಎತ್ತುವಾಗ ಗೆಣ್ಣು ಬಾಯಿಯ ಅಂಚಿಗೆ ಸಿಕ್ಕಿಕೊಂಡಿತು. ಎಳೆದರೆ ಹಿಡಿತ ತಪ್ಪುತ್ತದೆ, ಬಿಟ್ಟರೆ ಬೀಳುತ್ತದೆ. ಚರ್ಮ ಹೋದರೆ ಹೋಗಲಿ ಎಂದು ಕೈಯನ್ನು ತಿರುಚಿ ನಿಧಾನವಾಗಿ ಮೇಲೆ ತಂದೆ. ಈರೇಶ್ ತಮ್ಮ ಬೊಗಸೆಯನ್ನು ನನ್ನ ಕೈಯಡಿ ಒಡ್ಡಿದರು. ಅವರಿಗೆ ಕೊಡಲಿಲ್ಲ. ಸೀದಾ ಜಗಲಿಗೆ ನಡೆದು ಅತ್ತೆಯ ಎಡ ಅಂಗೈಯಲ್ಲಿ ಇಟ್ಟೆ.

ಅವರು ಸೆರಗಿನಿಂದ ಎಣ್ಣೆ ಒರೆಸಿದರು. ತೊಳೆಯಲು ಈರೇಶ್ ಅವರದೇ ಹಿತ್ತಾಳೆ ತಂಬಿಗೆ ತಂದು ನೀರು ಹೊಯ್ದರು. ತೊಳೆದಮೇಲೆ ಕಂಡಿತು, ಕರೀ ಕಂತೆಯ ಎರಡು ಬದಿಗೂ ಒಂದೊಂದು ಕುಳಿ, ನನ್ನ ಬೆರಳಿನ ಗೆರೆಗಳು ಸಮೇತ. ನನಗೆ ಭಯವಾಯಿತು. ಹುಟ್ಟಿದಂದಿನಿಂದ ಕಾಪಾಡಿಕೊಂಡು ಬಂದದ್ದನ್ನು ಕೆಡಿಸಿದೆನಲ್ಲ ಅನ್ನಿಸಿತು. ಕಂತೆಯನ್ನು ಅಯ್ಯನವರಿಂದ ಹೊಸದಾಗಿ ಮಾಡಿಸಬಹುದು ಎಂದು ಈರೇಶ್ ಏನೋ ಹೇಳಹೊರಟರು. ಅತ್ತೆ ಆ ಕುಳಿಗಳ ಮೇಲೆ ಹೆಬ್ಬೆರಳು ಆಡಿಸುತ್ತ, "ಇರ್ಲಿ ಬಿಡು" ಎಂದರು. ಅಂಗೈಯಲ್ಲಿ ಲಿಂಗ ಹಿಡಿದು ಕಣ್ಣು ಮುಚ್ಚಿ ಬಾಯೊಳಗೇ ಏನೋ ಹೇಳಿಕೊಂಡರು. ಬೇಗ ಮುಗಿಸಲಿ ಎಂದು ನಾವು ಮೂವರೂ ಕಾದು ನಿಂತೆವು. ಕರಡಿಗೆಗೆ ಹಾಕದೆ, ಸೆರಗಿನ ತುದಿಯಲ್ಲಿ ಗಂಟು ಹಾಕಿ ಕೊರಳಿಗೆ ಸುತ್ತಿಕೊಂಡರು.

ಈರೇಶ್ ಒಳಗಿನಿಂದ ಸಕ್ಕರೆ ಡಬ್ಬಿ ತಂದು ತಂಬಿಗೆಯ ನೀರಿಗೆ ಕಲಸಿ, ಲೋಟಕ್ಕೆ ಬಗ್ಗಿಸಿ ಅವರ ಬಾಯಿಯ ಹತ್ತಿರ ಹಿಡಿದರು. ಅತ್ತೆ ಮುಖ ತಿರುಗಿಸಿದರು. ಮತ್ತೇನು ನೇಮ ಬಂತಪ್ಪಾ ಅಂದುಕೊಂಡೆ.

"ಅಕಿ ಕೊಡ್ಲಿ" ಎಂದರು.

ನಾನು ಕೈ ನೋಡಿಕೊಂಡೆ. ಎಣ್ಣೆ, ಬೂದಿ, ಗೆಣ್ಣಿನಿಂದ ಇಳಿದ ರಕ್ತ. "ಒಂದ್ನಿಮಿಷ ಅತ್ತೆ, ಕೈ ತೊಳ್ಕೊಂಡು ಬರ್ತೀನಿ."

"ತೊಳಿಬ್ಯಾಡ. ಹಂಗ ಕೊಡು."

ಕೊಟ್ಟೆ. ಲೋಟದ ಮೇಲೆ ನನ್ನ ಬೆರಳುಗಳ ಕರೀ ಗುರುತು ಮೂಡಿತು. ಅತ್ತೆ ಅದನ್ನು ಒರೆಸದೆ, ಎರಡೂ ಕೈಯಲ್ಲಿ ಹಿಡಿದು, ಒಂದೇ ಉಸಿರಿನಲ್ಲಿ ಪೂರ್ತಿ ಕುಡಿದು, ಇನ್ನೊಂದು ಲೋಟ ಕೇಳಿದರು.